1,800 ರೂಪಾಯಿಯ ‘4ಕೆ’ ವೆಬ್‌ಕ್ಯಾಮ್ ವೀಣೆ ಪಾಠಕ್ಕೆ ಆಗುತ್ತಾ? ನನ್ನ ಉತ್ತರ

ಮೇಡಂ, ನಿಮ್ಮ ಪ್ರಶ್ನೆನೂ ಅದಕ್ಕೆ ಬೇರೆಯವರು ಇಲ್ಲಿ ಕೊಟ್ಟಿರೋ ಉತ್ತರಗಳನ್ನೂ ಓದಿದೆ. ಬೆಂಗಳೂರಿನ ವಿಜಯನಗರದ ಮನೆ, ಕ್ಯಾಮೆರಾ ಇಲ್ಲದ ಹಳೇ ಡೆಸ್ಕ್‌ಟಾಪ್, ಸಂಜೆ ಹೊತ್ತು ಝೂಮ್‌ನಲ್ಲಿ ವೀಣೆ ಪಾಠ. ಆನ್‌ಲೈನ್‌ನಲ್ಲಿ 1,800ಕ್ಕೆ ‘4ಕೆ ಅಲ್ಟ್ರಾ ಎಚ್‌ಡಿ’ ಅಂತ ಹೆಸರೇ ಕೇಳದ ಕ್ಯಾಮೆರಾ ಒಂದು ಕಂಡಿದೆ. ಹೆಸರಿರೋ ಕಂಪನಿಯ 1080ಪಿ ಕ್ಯಾಮೆರಾ ಅದಕ್ಕಿಂತ ದುಬಾರಿ. ‘ಪಿಕ್ಸೆಲ್ ಜಾಸ್ತಿ, ದುಡ್ಡು ಕಮ್ಮಿ, ಇದನ್ನೇ ತಗೊಳ್ಳಲಾ, 3,000 ದಾಟಬಾರದು’ ಅಂತ ಕೇಳಿದ್ದೀರಿ.

ನನ್ನ ಮಾತು ಕೇಳೋದಾದ್ರೆ, ಬೇಡ. ನೆಟ್ಟಗಿರೋ ಒಂದು 1080ಪಿ ತಗೊಳ್ಳಿ, ಮಿಕ್ಕ ದುಡ್ಡು ಬೆಳಕಿಗೂ ಸ್ಟ್ಯಾಂಡಿಗೂ ಹಾಕಿ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ಡಬ್ಬಿ ಮೇಲಿನ ಲೆಕ್ಕ. 1080ಪಿ ಅಂದ್ರೆ 1920×1080, ಸುಮಾರು 20.7 ಲಕ್ಷ ಚುಕ್ಕೆ (ಪಿಕ್ಸೆಲ್), ಅಂದ್ರೆ 2 ಮೆಗಾಪಿಕ್ಸೆಲ್. 4ಕೆ ಅಂದ್ರೆ 3840×2160, ಸುಮಾರು 83 ಲಕ್ಷ, 8 ಮೆಗಾಪಿಕ್ಸೆಲ್. ಈಗ ಅಗ್ಗದ ಕ್ಯಾಮೆರಾಗಳ ಡಬ್ಬಿ ನೋಡಿ: ಒಂದು ಮೂಲೆಯಲ್ಲಿ ‘ಎಚ್‌ಡಿ’, ಇನ್ನೊಂದು ಮೂಲೆಯಲ್ಲಿ ‘25 ಮೆಗಾಪಿಕ್ಸೆಲ್’. ಎರಡಕ್ಕೂ ತಾಳೆ ಆಗಲ್ಲ. ಒಳಗಿನ ಸೆನ್ಸರ್ ಚಿಕ್ಕದೇ ಇರುತ್ತೆ, ಸಾಫ್ಟ್‌ವೇರು ಒಂದು ಚುಕ್ಕೆಯನ್ನ ನಾಲ್ಕು ಮಾಡಿ ಹಿಗ್ಗಿಸಿ ಕೊಡುತ್ತೆ. ಇಂಟರ್‌ಪೊಲೇಷನ್ ಅಂತ ಸಣ್ಣಕ್ಷರದಲ್ಲಿ ಎಲ್ಲೋ ಬರೆದಿರ್ತಾರೆ, ಎಷ್ಟೋ ಸಲ ಅದೂ ಇರಲ್ಲ.

ಸರಿ, ನಿಮಗೆ ಸಿಕ್ಕಿರೋದು ನಿಜವಾದ 4ಕೆ ಅಂತಲೇ ಇಟ್ಕೊಳ್ಳೋಣ. ಆ 83 ಲಕ್ಷ ಚುಕ್ಕೆ ನಿಮ್ಮ ಶಿಷ್ಯರ ಪರದೆವರೆಗೆ ಹೋಗಲ್ಲ. ಗೂಗಲ್ ಮೀಟ್‌ನಲ್ಲಿ ಉಚಿತ ಖಾತೆಗೆ 720ಪಿ ಮಿತಿ, 1080ಪಿ ಕೊಡೋದು ದುಡ್ಡು ಕಟ್ಟೋ ಕೆಲವು ಖಾತೆಗಳಿಗೆ. ಝೂಮ್‌ನಲ್ಲಿ ನೀವು ಎಚ್‌ಡಿಗೆ ಟಿಕ್ ಹಾಕಿದ್ರೂ ಖಾತೆ, ನೆಟ್ಟು, ಕಂಪ್ಯೂಟರಿನ ಶಕ್ತಿ ನೋಡ್ಕೊಂಡು ಅದೇ ಇಳಿಸುತ್ತೆ. ಅಲ್ಲಿಗೆ 4ಕೆ ಉಪಯೋಗಕ್ಕೆ ಬರೋದು ನಿಮ್ಮ ಕಂಪ್ಯೂಟರಿನಲ್ಲೇ ರೆಕಾರ್ಡ್ ಮಾಡಿ ಆಮೇಲೆ ಕತ್ತರಿಸಿ ಯೂಟ್ಯೂಬಿಗೆ ಹಾಕೋ ಕೆಲಸಕ್ಕೆ. ಅದಕ್ಕಾದ್ರೆ ನಿಮ್ಮ ಫೋನಿನ ಹಿಂದಿನ ಕ್ಯಾಮೆರಾನೇ ಈ ವೆಬ್‌ಕ್ಯಾಮ್‌ಗಳಿಗಿಂತ ಎಷ್ಟೋ ವಾಸಿ.

ವೀಣೆ ಪಾಠಕ್ಕೆ ಚುಕ್ಕೆಗಿಂತ ಮುಖ್ಯ ಸೆಕೆಂಡಿಗೆ ಎಷ್ಟು ಫ್ರೇಮು, ಅಂದ್ರೆ ಎಷ್ಟು ಬಿಡಿ ಚಿತ್ರ ಅನ್ನೋದು. ಎಡಗೈ ಮೆಟ್ಟಿಲ ಮೇಲೆ ತಂತಿ ಎಳೆದು ಗಮಕ ಹಿಡಿಯೋದನ್ನ ಶಿಷ್ಯರು ನೋಡಬೇಕು. 30 ಫ್ರೇಮಿದ್ರೆ ಬೆರಳು ಎಳೆದದ್ದು, ಬಿಟ್ಟದ್ದು ಗೊತ್ತಾಗುತ್ತೆ. 15ಕ್ಕೆ ಇಳಿದ್ರೆ ಬೆರಳಿದ್ದ ಜಾಗದಲ್ಲಿ ಬರೀ ಮಸುಕು. ಅಗ್ಗದ 4ಕೆ ಕ್ಯಾಮೆರಾ ಎಡವೋದು ಇಲ್ಲೇ. ನಿಮ್ಮದು ಹಳೇ ಡೆಸ್ಕ್‌ಟಾಪ್, ಪೋರ್ಟು ಯುಎಸ್‌ಬಿ 2.0 ಇರಬಹುದು. ಅದರ ಮಿತಿ ಸೆಕೆಂಡಿಗೆ 480 ಮೆಗಾಬಿಟ್. 1080ಪಿ ಚಿತ್ರವನ್ನ ಕುಗ್ಗಿಸದೆ 30 ಫ್ರೇಮಲ್ಲಿ ಕಳಿಸೋಕೆ ಹೆಚ್ಚುಕಮ್ಮಿ 1,000 ಮೆಗಾಬಿಟ್ ಬೇಕು. ಹಾಗಾಗಿ ಕ್ಯಾಮೆರಾ ಒಳಗೇ ಎಂಜೆಪೆಗ್ ಅಂತ ಕುಗ್ಗಿಸಿ ಕಳಿಸುತ್ತೆ. 4ಕೆಗೆ ಅದರ ನಾಲ್ಕರಷ್ಟು. ಅದೇ ಸಣ್ಣ ಪೈಪಿನಲ್ಲಿ ಅದನ್ನೂ ತುರುಕಬೇಕಾದ್ರೆ ಇನ್ನೂ ಹಿಂಡಬೇಕು, ಇಲ್ಲಾ ಫ್ರೇಮ್ ಕಡಿಮೆ ಮಾಡಬೇಕು. ಇದನ್ನ ನೋಡೋಕೆ ಓಬಿಎಸ್ ಸ್ಟುಡಿಯೋ ಅನ್ನೋ ವಿಡಿಯೊ ರೆಕಾರ್ಡಿಂಗ್ ಸಾಫ್ಟ್‌ವೇರು ಹಾಕ್ಕೊಳ್ಳಿ, ಉಚಿತ. ಕ್ಯಾಮೆರಾ ಸೇರಿಸಿ ಅದರ ಪ್ರಾಪರ್ಟೀಸ್ ತೆಗೆದು, ರೆಸಲ್ಯೂಷನ್ ಟೈಪ್ ‘ಕಸ್ಟಮ್’ ಮಾಡಿದ್ರೆ ಅದು ಏನೇನು ಕೊಡುತ್ತೆ ಅನ್ನೋ ಪಟ್ಟಿ ಬರುತ್ತೆ. ಅಲ್ಲೇ ವಿಡಿಯೊ ಫಾರ್ಮ್ಯಾಟ್ ಎಂಜೆಪೆಗ್ ಇರಲಿ. ಅದು ವೈಯುವೈ2ಗೆ, ಅಂದ್ರೆ ಕುಗ್ಗಿಸದೆ ಕಳಿಸೋ ಫಾರ್ಮ್ಯಾಟಿಗೆ ಹೋಗಿದ್ರೆ 1080ಪಿ ತಡವರಿಸೋದು ಗ್ಯಾರಂಟಿ.

ಪಟ್ಟಿಯಲ್ಲಿ 3840×2160 ಇದ್ದ ಮಾತ್ರಕ್ಕೆ ನಂಬಬೇಡಿ. ಹಿಗ್ಗಿಸಿದ್ದೂ ಅದೇ ಹೆಸರಲ್ಲಿ ಬರುತ್ತೆ. ಇದಕ್ಕೆ ನಾನು ಮಾಡೋ ಪರೀಕ್ಷೆ ಹೇಳ್ತೀನಿ, ಕನ್ನಡ ದಿನಪತ್ರಿಕೆ ಸಾಕು. ಒಂದು ಪುಟವನ್ನ ಗೋಡೆಗೆ ಚಪ್ಪಟೆಯಾಗಿ ಅಂಟಿಸಿ, ಹಗಲು ಬೆಳಕಲ್ಲಿ ಕ್ಯಾಮೆರಾನ ಎರಡಡಿ ದೂರ ನೇರವಾಗಿ ಇಡಿ. 1080ಪಿಯಲ್ಲಿ ಒಂದು ಚಿತ್ರ, 4ಕೆಯಲ್ಲಿ ಒಂದು ಚಿತ್ರ ತೆಗೀರಿ. ಆಮೇಲೆ ಎರಡನ್ನೂ ಪರದೆ ಮೇಲೆ ಒಂದೇ ಅಳತೆಗೆ ದೊಡ್ಡದು ಮಾಡಿ. ಸಾಮಾನ್ಯ ಅಗಲದ ಲೆನ್ಸಿನಲ್ಲಿ ಸುದ್ದಿಯ ಸಣ್ಣ ಅಕ್ಷರಕ್ಕೆ 1080ಪಿಯಲ್ಲಿ ಸಿಗೋದು ಐದಾರು ಚುಕ್ಕೆ ಎತ್ತರ. ಅಕ್ಷರ ಊಹೆ ಮಾಡಬಹುದು, ಒತ್ತಕ್ಷರ ಬರೀ ಕಪ್ಪು ಕಲೆ. ನಿಜವಾದ 4ಕೆ ಆದ್ರೆ ಹತ್ತು ಹನ್ನೊಂದು ಚುಕ್ಕೆ ಸಿಗುತ್ತೆ. ‘ರಾಷ್ಟ್ರೀಯ’, ‘ಸ್ವಾತಂತ್ರ್ಯ’ ಇಂಥ ಪದಗಳಲ್ಲಿ ಕೆಳಗೆ ಜೋತು ಬಿದ್ದಿರೋ ಒತ್ತುಗಳು ಬಿಡಿಬಿಡಿಯಾಗಿ ಕಾಣಬೇಕು. ಎರಡೂ ಚಿತ್ರದಲ್ಲಿ ಕಲೆ ಹಾಗೇ ಇದ್ದು, ಎರಡನೇದರಲ್ಲಿ ಅಂಚು ಮಾತ್ರ ನುಣುಪಾಗಿದ್ರೆ, ಅದು 4ಕೆ ಅಲ್ಲ. ಇಂಗ್ಲಿಷ್ ಪತ್ರಿಕೆಗಿಂತ ನಮ್ಮ ಲಿಪಿ ಈ ಕೆಲಸಕ್ಕೆ ವಾಸಿ. ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ಸುರುಳಿ ಅದರಲ್ಲಿ ಎಲ್ಲಿರುತ್ತೆ! ಹಾಗೇ ಪುಟದ ನಾಲ್ಕು ಮೂಲೆನೂ ನೋಡಿ. ನಡುವೆ ಚೆನ್ನಾಗಿದ್ದು ಒಂದು ಮೂಲೆ ಮಾತ್ರ ಮಂಕಾಗಿದ್ರೆ ಲೆನ್ಸ್ ಓರೆಯಾಗಿ ಕೂತಿದೆ ಅಂತ, ವಾಪಸ್ ಮಾಡಿ.

ಇನ್ನು ಟ್ಯೂಬ್‌ಲೈಟಿನ ಕಾಟ. ಎಷ್ಟೋ ಜನ ಇದಕ್ಕೇ ಕ್ಯಾಮೆರಾ ಕೆಟ್ಟಿದೆ ಅಂತ ವಾಪಸ್ ಕಳಿಸ್ತಾರೆ. ರಾತ್ರಿ ದೀಪ ಹಾಕಿದ್ರೆ ಚಿತ್ರದಲ್ಲಿ ಮಬ್ಬು ಪಟ್ಟೆಗಳು ಮೇಲಿಂದ ಕೆಳಕ್ಕೆ ಸರೀತಾ ಇರುತ್ತೆ. ಕಾರಣ ಇಷ್ಟೇ: ನಮ್ಮ ಬೆಸ್ಕಾಂ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತೆ. ಕಣ್ಣಿಗೆ ಗೊತ್ತಾಗಲ್ಲ, ಕ್ಯಾಮೆರಾಗೆ ಗೊತ್ತಾಗುತ್ತೆ. ಬಹಳಷ್ಟು ಕ್ಯಾಮೆರಾ ಅಮೆರಿಕದ 60 ಹರ್ಟ್ಸ್‌ಗೆ ಸೆಟ್ ಆಗಿ ಬರುತ್ತೆ. ಓಬಿಎಸ್‌ನಲ್ಲಿ ‘ಕಾನ್ಫಿಗರ್ ವಿಡಿಯೊ’ ಒತ್ತಿ, ‘ಪವರ್‌ಲೈನ್ ಫ್ರೀಕ್ವೆನ್ಸಿ’ ಅಂತ ಇರೋದನ್ನ 50 ಮಾಡಿ, ಪಟ್ಟೆ ಹೋಗುತ್ತೆ. ಆ ಆಯ್ಕೆಯೇ ಇಲ್ಲದ ಕ್ಯಾಮೆರಾನ ನಾನಂತೂ ನಮ್ಮೂರಿಗೆ ತಗೊಳ್ಳಲ್ಲ. ಅದೇ ಕಿಟಕಿಯ ಇನ್ನೊಂದು ಪುಟದಲ್ಲಿ ‘ಲೋ ಲೈಟ್ ಕಾಂಪೆನ್ಸೇಷನ್’ ಅಂತ ಒಂದು ಟಿಕ್ ಇದ್ರೆ ತೆಗೆದುಹಾಕಿ. ಕತ್ತಲಾದ ಕೂಡಲೇ ಹೇಳದೆ ಕೇಳದೆ 30 ಫ್ರೇಮನ್ನ 15 ಮಾಡೋದು ಅದೇ. ತೆಗೆದ್ರೆ ಚಿತ್ರ ಕಪ್ಪಾಗುತ್ತೆ, ನಿಜ. ಅದಕ್ಕೆ ಮದ್ದು ಬೆಳಕು.

30×40 ಸೈಟಿನ ಮನೆಗಳಲ್ಲಿ ಪಕ್ಕದ ಕಟ್ಟಡದ ಗೋಡೆ ಕೈಗೆ ಎಟುಕೋ ಹಾಗಿರುತ್ತೆ, ಬೆಳಕು ಬರೋದು ಒಂದೇ ಕಡೆಯಿಂದ. ಆ ಕಿಟಕಿಗೆ ಬೆನ್ನು ಹಾಕಿ ಕೂತ್ರೆ ಎಂಥ ಕ್ಯಾಮೆರಾ ತಂದ್ರೂ ಮುಖ ಕಪ್ಪು, ಹಿಂದೆ ಬಿಳಿ. ಕಿಟಕಿ ನಿಮ್ಮ ಎದುರಿಗೋ ಪಕ್ಕಕ್ಕೋ ಬರಲಿ. ಸಂಜೆ ಪಾಠಕ್ಕೆ 12 ವ್ಯಾಟಿನ ಒಂದು ಬಿಳಿ ಎಲ್‌ಇಡಿ ಬಲ್ಬು ಹಾಕಿದ ಟೇಬಲ್ ಲ್ಯಾಂಪನ್ನ ಎಡಗೈ ಕಡೆಗೆ ಇಟ್ಟು, ಎದುರಿನ ಗೋಡೆಗೆ ತಿರುಗಿಸಿ. ಗೋಡೆಗೆ ಬಡಿದು ಬಂದ ಬೆಳಕು ಮೆತ್ತಗಿರುತ್ತೆ, ತಂತಿ ಹೊಳೆದು ಕಣ್ಣು ಕುಕ್ಕಲ್ಲ. ಹಳದಿ ಬಲ್ಬು ಬಿಳಿ ಟ್ಯೂಬು ಬೆರೆಸಬೇಡಿ, ಮುಖದ ಬಣ್ಣ ಗಳಿಗೆಗೊಂದು ಆಗುತ್ತೆ. ರಿಂಗ್ ಲೈಟ್ ಬೇಡ್ವೇ ಬೇಡ, ಕನ್ನಡಕದಲ್ಲಿ ಎರಡು ಉಂಗುರ ಕೂರುತ್ತೆ.

ಲೆನ್ಸಿನ ಅಗಲದ ಬಗ್ಗೆ ಯಾರೂ ಹೇಳಿರಲಿಲ್ಲ, ನಿಮಗೆ ಅದೇ ಮುಖ್ಯ. ವೀಣೆ ಹೆಚ್ಚುಕಮ್ಮಿ ನಾಲ್ಕಡಿ ಉದ್ದ, ಬುರುಡೆಯಿಂದ ಬಿರಡೆವರೆಗೆ ಅಡ್ಡಡ್ಡ ಕಾಣಬೇಕು. ನೋಟದ ಕೋನ (ಮೂಲೆಯಿಂದ ಮೂಲೆಗೆ) 60 ಡಿಗ್ರಿ ಅಂತ ಬರೆದಿರೋ ಕ್ಯಾಮೆರಾ ಒಂದು ಮೀಟರ್ ದೂರದಿಂದ ಹಿಡಿಯೋದು ಒಂದು ಮೀಟರ್ ಅಗಲ. ವೀಣೆ ಕತ್ತರಿಸಿ ಹೋಗುತ್ತೆ. 78 ಡಿಗ್ರಿ ಆದ್ರೆ 1.4 ಮೀಟರ್, ಸರಿಯಾಗಿ ಹಿಡಿಯುತ್ತೆ. 90 ಆದ್ರೆ 1.7 ಮೀಟರ್, ಆದರೆ ಅಗ್ಗದ ಲೆನ್ಸಿನಲ್ಲಿ ಅಂಚು ಬಾಗಿ ವೀಣೆ ಬಿಲ್ಲಾಗುತ್ತೆ. ಹೆಸರಿರೋ ಕಂಪನಿಗಳಲ್ಲೂ ಇದನ್ನ ನೋಡೇ ತಗೊಳ್ಳಿ: ಲಾಜಿಟೆಕ್ ಬ್ರಿಯೋ 100 1080ಪಿ ಆದ್ರೂ 58 ಡಿಗ್ರಿ ಮಾತ್ರ, ಫೋಕಸ್ ಒಂದೇ ಕಡೆ ನಿಂತಿರುತ್ತೆ. ಮುಖ ತೋರಿಸಿ ಮಾತಾಡೋಕೆ, ಮಗನ ಇಂಟರ್‌ವ್ಯೂಗೆ ಅದು ಧಾರಾಳ ಸಾಕು. ವೀಣೆಗೆ ಒಂದೂವರೆ ಮೀಟರ್ ಹಿಂದೆ ಇಡಬೇಕಾಗುತ್ತೆ. ಅವರದೇ ಹಳೇ ಸಿ920 78 ಡಿಗ್ರಿ, ಆಟೋಫೋಕಸ್ ಇದೆ, ಆದರೆ ಹೊಸದು ನಿಮ್ಮ ಬಜೆಟ್ ದಾಟುತ್ತೆ. ಬಿಲ್ ಇರೋ ಸೆಕೆಂಡ್ ಹ್ಯಾಂಡ್ ಸಿಕ್ಕಿದ್ರೆ ನಾನಾದ್ರೆ ಅದನ್ನೇ ತಗೊಳ್ಳೋದು.

ಅಂದ ಹಾಗೆ ಆಟೋಫೋಕಸ್ ಇದ್ದಷ್ಟೂ ಒಳ್ಳೇದು ಅಂತ ಮೇಲೆ ಒಬ್ಬರು ಹೇಳಿದ್ದಾರೆ. ನಿಮಗೆ ಅದು ಅರ್ಧ ತೊಂದರೆ. ಕೈ ಆಡಿದ ಹಾಗೆಲ್ಲ ಕ್ಯಾಮೆರಾ ಫೋಕಸ್ ಹುಡುಕ್ತಾ ಒಳಗೆ ಹೊರಗೆ ಆಗುತ್ತೆ. ತಗೊಂಡ್ರೆ ವೀಣೆ ಮೇಲೆ ಫೋಕಸ್ ಕೂರಿಸಿ ‘ಆಟೊ’ ಟಿಕ್ ತೆಗೆದುಬಿಡಿ. ಸ್ವರ ಬರೆದ ಪುಸ್ತಕ ಹತ್ತಿರ ಹಿಡಿದು ತೋರಿಸುವಾಗ ಮಾತ್ರ ಅದು ಬೇಕು. ಪರದೆಯಲ್ಲಿ ವೀಣೆ ಉಲ್ಟಾ ಕಾಣುತ್ತೆ ಅಂದಿದ್ರಲ್ಲ, ಅದು ನಿಮಗೆ ಮಾತ್ರ ಕನ್ನಡಿ ಥರ ತೋರಿಸೋದು. ಶಿಷ್ಯರಿಗೆ ಸರಿಯಾಗೇ ಕಾಣುತ್ತೆ.

ಮೈಕ್ ವಿಷಯ: ವೆಬ್‌ಕ್ಯಾಮ್ ಒಳಗಿನ ಮೈಕನ್ನ ನಾದಕ್ಕೆ ನಂಬಬೇಡಿ. ಯಾವ ಮೈಕೇ ಆಗಲಿ, ಝೂಮ್‌ನ ಆಡಿಯೊ ಸೆಟ್ಟಿಂಗ್‌ನಲ್ಲಿ ‘ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್’ ಆನ್ ಮಾಡಿ, ಪಾಠ ಶುರುವಾದ ಮೇಲೆ ಪರದೆ ಮೇಲೂ ಅದು ಆನ್ ಇದೆಯಾ ನೋಡ್ಕೊಳ್ಳಿ. ಇಲ್ಲದಿದ್ರೆ ಶ್ರುತಿಪೆಟ್ಟಿಗೆಯ ನಾದವನ್ನ ಅದು ಫ್ಯಾನ್ ಸದ್ದು ಅಂದ್ಕೊಂಡು ಒರೆಸಿಹಾಕುತ್ತೆ, ಮೀಟಿದ ತಂತಿಯ ಕೊನೆಯ ಎಳೆನೂ ನುಂಗುತ್ತೆ.

ಎಲ್ಲಿ ತಗೊಳ್ಳೋದು? ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರೋ ಎಸ್.ಪಿ. ರಸ್ತೆಗೆ ಹೋಗಿ. ವಿಜಯನಗರದಿಂದ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದ್ರೆ ಮುಂದಿನದೇ ಚಿಕ್ಕಪೇಟೆ, ಅಲ್ಲಿಂದ ನಡಿಗೆ. ಭಾನುವಾರ ಬೇಡ, ಬಹುಪಾಲು ಅಂಗಡಿ ಮುಚ್ಚಿರುತ್ತೆ. ‘ಹಾಕಿ ತೋರಿಸಿ’ ಅಂತ ಮೊದಲೇ ಕೇಳಿ, ಲ್ಯಾಪ್‌ಟಾಪ್ ಇದ್ರೆ ಓಬಿಎಸ್ ಹಾಕ್ಕೊಂಡು ಜೊತೆಗೇ ಒಯ್ಯಿರಿ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೇ ಪಟ್ಟೆ ಬರುತ್ತಾ ಅಂತ ಗೊತ್ತಾಗಿಬಿಡುತ್ತೆ. ಜಿಎಸ್‌ಟಿ ಬಿಲ್ ಇಲ್ಲದೆ ಎದ್ದು ಬರಬೇಡಿ. ಆನ್‌ಲೈನ್ ಆದ್ರೆ ‘ರಿಟರ್ನ್’ ಇದೆಯಾ, ಬರೀ ‘ರಿಪ್ಲೇಸ್‌ಮೆಂಟ್’ ಮಾತ್ರವಾ ನೋಡಿ. ಎರಡನೇದಾದ್ರೆ ನಕಲಿ 4ಕೆ ಬದಲಿಗೆ ಇನ್ನೊಂದು ನಕಲಿ 4ಕೆ ಬರುತ್ತೆ ಅಷ್ಟೇ. ಮನೆಗೆ ತಂದ ಮೇಲೆ ಸಿಪಿಯು ಹಿಂದಿನ ಪೋರ್ಟಿಗೇ ನೇರ ಚುಚ್ಚಿ, ಉದ್ದದ ಎಕ್ಸ್‌ಟೆನ್ಶನ್ ವೈರು, ಅಗ್ಗದ ಹಬ್ ನಡುವೆ ಬೇಡ. ಡ್ರೈವರ್ ಸಿ.ಡಿ. ಕೊಟ್ರೆ ಹಾಕಬೇಡಿ. ಯುವಿಸಿ (ಯುಎಸ್‌ಬಿ ಕ್ಯಾಮೆರಾಗಳ ಸಾಮಾನ್ಯ ಮಾನದಂಡ) ಅಂತಿರೋ ಕ್ಯಾಮೆರಾ ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಹಾಗೇ ಓಡುತ್ತೆ.

‘ಫೋನನ್ನೇ ವೆಬ್‌ಕ್ಯಾಮ್ ಮಾಡಿ’ ಅಂದವರ ಮಾತೂ ತಪ್ಪಲ್ಲ. ಡ್ರಾಯ್ಡ್‌ಕ್ಯಾಮ್ ಥರದ ಆ್ಯಪ್ ಇದೆ, ಆಂಡ್ರಾಯ್ಡ್ 14ರಿಂದ ಈಚಿನ ಕೆಲವು ಫೋನ್‌ಗಳಲ್ಲಿ ಯುಎಸ್‌ಬಿ ಚುಚ್ಚಿದ್ರೆ ವೆಬ್‌ಕ್ಯಾಮ್ ಅಂತಲೇ ಆಯ್ಕೆ ಬರುತ್ತೆ. ಆದರೆ ಪಾಠದ ನಡುವೆ ಫೋನ್ ಬಿಸಿ ಆಗುತ್ತೆ, ಕರೆ ಬಂದ್ರೆ ಅಡ್ಡಿ. ಡ್ರಾಯರಲ್ಲಿ ಹಳೇ ಫೋನ್ ಬಿದ್ದಿದ್ರೆ ಮೊದಲು ಅದನ್ನೇ ಒಂದು ವಾರ ಓಡಿಸಿ ನೋಡಿ. ಅದು ಆಗಿಬಂದ್ರೆ 1,800ಕ್ಕೆ ಸ್ಟ್ಯಾಂಡು, ಲ್ಯಾಂಪು, ಒಂದು ಸಾಧಾರಣ ಮೈಕು ಮೂರೂ ಬರುತ್ತೆ.

ಯಾವುದೇ ತಗೊಂಡ್ರೂ ಆ ಓಬಿಎಸ್ ಪಟ್ಟಿದೊಂದು ಸ್ಕ್ರೀನ್‌ಶಾಟು, ಪತ್ರಿಕೆಯ ಎರಡು ಚಿತ್ರ ಇಲ್ಲೇ ಹಾಕಿ. ವಾಪಸ್ ಮಾಡೋ ದಿನ ಮುಗಿಯೋದರೊಳಗೆ ನೋಡಿ ಹೇಳ್ತೀನಿ.