ಡಬ್ಲಿನ್‌ಗೆ ಬರುವ ತಂಗಿಗೆ: ಆಸ್ಪತ್ರೆ ಮತ್ತು ಮಂತ್ರಿಯ ಬಗ್ಗೆ

ತಂಗಿ, ನೀನು ಕೇಳಿದ್ದು ಎರಡು ವಿಷಯ. ಐರ್ಲೆಂಡಿನಲ್ಲಿ ಆಸ್ಪತ್ರೆ ಫ್ರೀ ಅನ್ನೋದು ನಿಜವಾ? ಈಗಿನ ಆರೋಗ್ಯ ಮಂತ್ರಿ ಚೆನ್ನಾಗಿ ಕೆಲಸ ಮಾಡ್ತಿದ್ದಾರಂತೆ, ಹೌದಾ? ಇಲ್ಲಿ ಹದಿನಾರು ವರ್ಷ ಕಳೆದವಳಾಗಿ ಹೇಳ್ತೀನಿ: ಖರ್ಚು ಇಳಿದಿದೆ, ಕಾಯೋದು ಇಳಿದಿಲ್ಲ.

2023ರ ಏಪ್ರಿಲ್‌ವರೆಗೆ ಸರ್ಕಾರಿ ಆಸ್ಪತ್ರೆಗೆ ದಾಖಲಾದರೆ ರಾತ್ರಿಗೆ 80 ಯೂರೋ ಕಟ್ಟಬೇಕಿತ್ತು. ಸ್ಟೀಫನ್ ಡಾನೆಲಿ ಮಂತ್ರಿಯಾಗಿದ್ದಾಗ ಅದನ್ನು ತೆಗೆದರು. ಅದೇ ವರ್ಷ ಎಂಟು ವರ್ಷದೊಳಗಿನ ಮಕ್ಕಳಿಗೆ ಜಿಪಿ, ಅಂದ್ರೆ ಫ್ಯಾಮಿಲಿ ಡಾಕ್ಟರ್, ಉಚಿತವಾದರು. ನಿನ್ನ ಮಗಳಿಗೆ ಐದು ವರ್ಷ ಅಂದೆಯಲ್ಲ, ಅವಳಿಗೆ ಇದು ಸಿಗುತ್ತೆ. ನಿಮ್ಮಿಬ್ಬರಿಗೆ ಮಾತ್ರ ಒಂದು ಸಲಕ್ಕೆ 60-70 ಯೂರೋ ಆಗಬಹುದು. ಜಿಪಿ ಪತ್ರ ಇಲ್ಲದೆ ಎಮರ್ಜೆನ್ಸಿಗೆ ಹೋದರೆ 100 ಯೂರೋ.

ಈಗ ಕಾಯೋ ವಿಷಯ. ನಮ್ಮ ಮನೆಯವರಿಗೆ ಮೊಣಕಾಲು ನೋವು ಶುರುವಾದಾಗ ಜಿಪಿ ಆಸ್ಪತ್ರೆಗೆ ಪತ್ರ ಬರೆದರು. ತಿಂಗಳುಗಟ್ಟಲೆ ಸುದ್ದಿಯೇ ಇಲ್ಲ. ಅಷ್ಟರಲ್ಲಿ ನಾವು ಬಾಡಿಗೆ ಮನೆ ಬದಲಾಯಿಸಿದ್ವಿ. ಹಳೇ ವಿಳಾಸಕ್ಕೆ ಒಂದು ಪತ್ರ ಬಂದು ಬಿದ್ದಿತ್ತು: "ನಿಮಗೆ ಇನ್ನೂ ಅಪಾಯಿಂಟ್‌ಮೆಂಟ್ ಬೇಕೇ?" ಹೌದು, ಇಲ್ಲ ಅಂತ ಎರಡು ಚೌಕ, ಒಂದಕ್ಕೆ ಗುರುತು ಹಾಕಿ ವಾಪಸ್ ಕಳಿಸಬೇಕು. ಅದು ನಮ್ಮ ಕೈಗೆ ಸಿಗುವ ಹೊತ್ತಿಗೆ ಗಡುವು ಮುಗಿದು, ಹೆಸರು ಪಟ್ಟಿಯಿಂದ ಹೋಗಿತ್ತು. ಮತ್ತೆ ಜಿಪಿ, ಮತ್ತೆ ಪತ್ರ, ಮತ್ತೆ ಸಾಲಿನ ಕೊನೆ. ಆ ಮನುಷ್ಯ ರಾತ್ರಿ ಮೆಟ್ಟಿಲು ಹತ್ತುವಾಗ ಪಕ್ಕದ ಕಂಬಿ ಹಿಡಿದು ನಿಂತುಬಿಡ್ತಿದ್ದರು, ಅದನ್ನು ನೋಡಿ ನನಗೆ ಅಳು ಬರ್ತಿತ್ತು. ಹಾಗಾಗಿ ಯಾವ ಮಂತ್ರಿ "ವೇಟಿಂಗ್ ಲಿಸ್ಟ್ ಕಮ್ಮಿಯಾಯ್ತು" ಅಂದರೂ ನಾನು ಕೇಳೋದು ಒಂದೇ: ಚಿಕಿತ್ಸೆ ಆಗಿ ಹೋದವರೆಷ್ಟು, ಹೆಸರು ಹೊಡೆದುಹಾಕಿದ್ದೆಷ್ಟು? ಎನ್‌ಟಿಪಿಎಫ್ ಅನ್ನುವ ಸರ್ಕಾರಿ ಸಂಸ್ಥೆ ಈ ಪಟ್ಟಿಗಳ ಅಂಕಿಅಂಶ ಪ್ರಕಟಿಸುತ್ತೆ. ಓದೋದು ರೂಢಿ ಮಾಡಿಕೋ.

ಇನ್ನೊಂದು ಲೆಕ್ಕ ಟ್ರಾಲಿಯದು. ದಾಖಲು ಮಾಡಿಕೊಳ್ಳಬೇಕು ಅಂತ ಡಾಕ್ಟರು ತೀರ್ಮಾನಿಸಿದ್ದರೂ ವಾರ್ಡಿನಲ್ಲಿ ಹಾಸಿಗೆ ಇಲ್ಲದೆ ಸ್ಟ್ರೆಚರ್ ಮೇಲೆ ಮಲಗಿದವರನ್ನು ನರ್ಸುಗಳ ಸಂಘ ಐಎನ್‌ಎಂಒ ಬೆಳಿಗ್ಗೆ ಎಣಿಸುತ್ತೆ. 2006ರಲ್ಲಿ ಆ ಸಂಖ್ಯೆ 495 ಮುಟ್ಟಿದಾಗ ಆಗಿನ ಮಂತ್ರಿ ಮೇರಿ ಹಾರ್ನಿ ಇದನ್ನು ರಾಷ್ಟ್ರೀಯ ತುರ್ತುಸ್ಥಿತಿ ಅಂತ ಪರಿಗಣಿಸಬೇಕು ಅಂದರು. 2023ರ ಜನವರಿ 3ರಂದು ಅದು 931. ಜನಸಂಖ್ಯೆ 42 ಲಕ್ಷದಿಂದ 51 ಲಕ್ಷಕ್ಕೆ ಏರಿದೆ, ಒಪ್ಪಿದೆ. ಆದರೆ ಟ್ರಾಲಿ ಮೇಲಿನವರು ಹೆಚ್ಚುಕಡಿಮೆ ಎರಡರಷ್ಟಾದರಲ್ಲ!

ಈಗ ಜನವರಿ 2025ರಿಂದ ಜೆನಿಫರ್ ಕ್ಯಾರಲ್ ಮೆಕ್‌ನೀಲ್ ಮಂತ್ರಿ. ತಜ್ಞ ವೈದ್ಯರು ಶನಿವಾರ, ಭಾನುವಾರವೂ ಆಸ್ಪತ್ರೆಯಲ್ಲಿ ಇರಬೇಕು ಅಂತ ಒತ್ತಾಯ ಮಾಡ್ತಿದ್ದಾರೆ. ಅದು ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ಒಬ್ಬ ಮಂತ್ರಿಯನ್ನು ಒಂದು ವರ್ಷದಲ್ಲಿ ಅಳೆಯೋಕಾಗಲ್ಲ. 2009ರಲ್ಲಿ ಎನಿಸ್, ನೀನಾ ಊರುಗಳ ಇಪ್ಪತ್ನಾಲ್ಕು ಗಂಟೆಯ ಎಮರ್ಜೆನ್ಸಿ ಮುಚ್ಚಿದರು, ರೋಗಿಗಳೆಲ್ಲ ಲಿಮರಿಕ್‌ನ ಆಸ್ಪತ್ರೆಗೆ ಬಂದರು, ಅದಕ್ಕೆ ತಕ್ಕ ಹಾಸಿಗೆ ಮಾತ್ರ ಆಗ ಬರಲಿಲ್ಲ. ಲಿಮರಿಕ್ ಇವತ್ತಿಗೂ ಅದರ ಫಲ ಉಣ್ಣುತ್ತಿದೆ. ಎಲ್ಲ ಪಕ್ಷಗಳೂ ಸೇರಿ 2017ರಲ್ಲಿ ಮಾಡಿದ ಸ್ಲಾಂಟಕೇರ್ ಅನ್ನುವ ಹತ್ತು ವರ್ಷದ ಆರೋಗ್ಯ ಸುಧಾರಣಾ ಯೋಜನೆಯನ್ನು ಮುಂದಿಟ್ಟುಕೊಂಡು ಎಷ್ಟಾಯ್ತು ಅಂತ ಕೇಳೋದೇ ನ್ಯಾಯ.

ಹೀಗೆ ಕೇಳೋದರಿಂದ ಏನಾಗುತ್ತೆ ಅಂತೀಯಾ? ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ್ ಹೆಸರು ನೀನೂ ಕೇಳಿರ್ತೀಯ. 2012ರ ಅಕ್ಟೋಬರ್ 28ರಂದು ಗಾಲ್ವೇಯಲ್ಲಿ ತೀರಿಕೊಂಡಾಗ ಅವರಿಗೆ 31 ವರ್ಷ. ಗರ್ಭ ಉಳಿಯಲ್ಲ ಅಂತ ಗೊತ್ತಾಗಿ ಗರ್ಭಪಾತ ಕೇಳಿದರೂ ಮಾಡಲಿಲ್ಲ, ಸೋಂಕು ರಕ್ತಕ್ಕೆ ಏರಿತು. ಅವರನ್ನು ಉಳಿಸಬಹುದಾಗಿದ್ದ 13 ಅವಕಾಶ ಕೈತಪ್ಪಿದ್ದವು ಅಂತ ಆರೋಗ್ಯ ಸೇವೆಯ ಕಾವಲು ಸಂಸ್ಥೆ ಹಿಕ್ವಾ ವರದಿ ಹೇಳಿತು. ಜನ ಅವರ ಫೋಟೊ ಹಿಡಿದು ಬೀದಿಗಿಳಿದರು, ಬಿಡದೆ ಕೇಳಿದರು. 2018ರ ಮೇ 25ರ ಜನಮತಗಣನೆಯಲ್ಲಿ ಶೇ. 66.4ರಷ್ಟು ಜನ ಗರ್ಭಪಾತ ನಿಷೇಧದ ವಿಧಿ ತೆಗೆಯಲು ಮತ ಹಾಕಿದರು. ಸೈಮನ್ ಹ್ಯಾರಿಸ್ ಆರೋಗ್ಯ ಮಂತ್ರಿಯಾಗಿದ್ದಾಗ ಹೊಸ ಕಾನೂನು ಬಂತು.

ಹೊರಗಿನಿಂದ ಬಂದವರು ನಾವು, ನಮಗ್ಯಾಕೆ ಅಂದ್ಕೋಬೇಡ. ಪೌರತ್ವ ಇಲ್ಲದಿದ್ದರೂ ಇಲ್ಲಿನ ಸ್ಥಳೀಯ ಚುನಾವಣೆಯಲ್ಲಿ ನಿನಗೆ ಓಟು ಇದೆ. ನಿನ್ನ ಕ್ಷೇತ್ರದ ಟಿಡಿ, ಅಂದ್ರೆ ನಮ್ಮ ಎಂಪಿ ಇದ್ದ ಹಾಗೆ, ಅವರಿಗೆ ಬರೆದರೆ ಸಂಸತ್ತಿನಲ್ಲಿ ಆರೋಗ್ಯ ಮಂತ್ರಿಗೆ ಲಿಖಿತ ಪ್ರಶ್ನೆ ಹಾಕಿಸಬಹುದು.

ಬಂದ ವಾರವೇ ಮನೆ ಹತ್ತಿರದ ಜಿಪಿ ಹುಡುಕು. ಎಷ್ಟೋ ಕಡೆ ಹೊಸಬರನ್ನು ತಗೊಳ್ಳಲ್ಲ, ನಾಲ್ಕೈದು ಕಡೆ ಫೋನ್ ಮಾಡಬೇಕಾಗಬಹುದು. ಮನೆ ಬದಲಾಯಿಸಿದ ದಿನವೇ ಆಸ್ಪತ್ರೆಗೆ ಹೊಸ ವಿಳಾಸ ತಿಳಿಸು. ಮಗಳ ಲಸಿಕೆ ಕಾರ್ಡನ್ನು ಚೆಕ್ಕಿನ್ ಸೂಟ್‌ಕೇಸಿಗೆ ಹಾಕದೆ ಕೈಚೀಲದಲ್ಲೇ ಇಟ್ಟುಕೊಂಡು ಬಾ.