ಮೊದಲು ನೆರಳು, ಆಮೇಲೆ ಸೆನ್ಸರ್

ಪ್ರಶ್ನೆ: ನಮ್ಮ ಆಫೀಸಿನ ಪಶ್ಚಿಮದ ಗೋಡೆ ಪೂರ್ತಿ ಗಾಜು. ಮಧ್ಯಾಹ್ನದ ನಂತರ ಬಿಸಿಲು ನೇರ ಮೇಜಿಗೇ ಬೀಳುತ್ತದೆ. ಎಲ್ಲರೂ ಒಳಗಿನ ಬ್ಲೈಂಡ್ಸ್ ಇಳಿಸಿ ಲೈಟು ಹಾಕಿಕೊಳ್ಳುತ್ತಾರೆ. ಎಸಿ ಸಾಲುತ್ತಿಲ್ಲ. ಲೈಟಿಗೆಲ್ಲ ಸೆನ್ಸರ್ ಹಾಕಿಸಿದರೆ ಬಿಲ್ ಇಳಿಯುತ್ತದಾ?

ಉತ್ತರ: ಇಳಿಯುತ್ತದೆ. ಆದರೆ ಸೆನ್ಸರ್ ಆಮೇಲೆ. ಮೊದಲು ಗಾಜಿನ ಹೊರಗೆ ನೆರಳು ಮಾಡಿಸಿ.

ಸಾಮಾನ್ಯ ಒಂಟಿ ಗಾಜು ತನ್ನ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ಸುಮಾರು 80% ಒಳಗೆ ಬಿಡುತ್ತದೆ. ಅದು ಒಳಗೆ ಬಂದ ಮೇಲೆ ಬ್ಲೈಂಡ್ಸ್ ಇಳಿಸಿ ಏನು ಬಂತು? ಬ್ಲೈಂಡ್ಸೇ ಕಾಯುತ್ತದೆ, ಆ ಕಾವಿನಲ್ಲಿ ಬಹುಪಾಲು ನಿಮ್ಮ ಎಸಿ ತಲೆಗೆ. ಹೊರಗೇ ತಡೆದರೆ ಕಾಯುವುದು ಹೊರಗಿನ ಪರದೆ, ಅದನ್ನು ಗಾಳಿ ಆರಿಸುತ್ತದೆ.

ಸಜ್ಜಾ ಉದ್ದ ಮಾಡಿಸಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಪಶ್ಚಿಮಕ್ಕೆ ಅದು ಸುಮ್ನೆ ದಂಡ. ಸಂಜೆ ಸೂರ್ಯ ತಗ್ಗಿಗಿಳಿದು ಸಜ್ಜಾದ ಕೆಳಗಿನಿಂದಲೇ ಬರುತ್ತಾನೆ. ಅಲ್ಲಿಗೆ ಓರೆಯಾಗಿ ನಿಲ್ಲಿಸಿದ ಪಟ್ಟಿಗಳು ಬೇಕು, ಇಲ್ಲವೇ ಏರಿಸಿ ಇಳಿಸುವ ಹೊರಪರದೆ. ಪರದೆಗೆ ಮೋಟಾರ್ ಹಾಕಿಸಿದರೆ ಬೆಳಗ್ಗೆ ಮೇಲಿದ್ದು, ಬಿಸಿಲು ಬಿದ್ದಾಗ ತಾನೇ ಇಳಿಯುತ್ತದೆ. ಜೋರು ಗಾಳಿಗೆ ಸುತ್ತಿಕೊಳ್ಳುವ ವ್ಯವಸ್ಥೆ ಇರಲೇಬೇಕು.

ಈಗ ಲೈಟು. ನಾನು ಯಾವ ಆಫೀಸಿಗೆ ಹೋದರೂ ಮೊದಲು ಸ್ವಿಚ್ ಬೋರ್ಡಿಗೆ ಹೋಗಿ ಒಂದೊಂದೇ ಒತ್ತಿ ನೋಡುತ್ತೇನೆ. ಕಿಟಕಿ ಪಕ್ಕದ ಸಾಲು, ಒಳಗಿನ ಸಾಲು ಒಂದೇ ಸ್ವಿಚ್ಚಿನಲ್ಲಿದ್ದರೆ ಮೊದಲು ವೈರಿಂಗ್ ಬೇರೆ ಮಾಡಿಸಿ. ಹೊರಗಿನ ಬೆಳಕು ಕೆಲಸಕ್ಕಾಗುವಷ್ಟು ಬರುವುದು ನೆಲದಿಂದ ಕಿಟಕಿಯ ಮೇಲಂಚಿನವರೆಗಿನ ಎತ್ತರದ ಒಂದೂವರೆ, ಹೆಚ್ಚೆಂದರೆ ಎರಡು ಪಟ್ಟು ದೂರ. ಅಷ್ಟರೊಳಗಿನ ಸಾಲುಗಳಿಗೆ ಮಾತ್ರ ಬೆಳಕು ನೋಡಿ ಡಿಮ್ ಮಾಡುವ ಸೆನ್ಸರ್ ಸಾಕು. ಬ್ಲೈಂಡ್ಸ್ ಮುಚ್ಚೇ ಇದ್ದರೆ ಅದಕ್ಕೆ ಕಾಣುವುದು ಕತ್ತಲೆ, ಲೈಟು ಪೂರ್ತಿ ಉರಿಸುತ್ತದೆ. ಹೊರಗೆ ನೆರಳಿದ್ದರೆ ಬ್ಲೈಂಡ್ಸ್ ಇಳಿಸುವ ಪ್ರಮೇಯ ಕಡಿಮೆ, ನೆರಳು ಮೊದಲು ಅಂದದ್ದು ಇದಕ್ಕೇ.

ಸೆನ್ಸರ್ ಮೇಜಿನ ಕಡೆ ನೋಡುವಂತಿರಲಿ, ಕಿಟಕಿ ಕಡೆ ಅಲ್ಲ. ಓದು ಬರಹಕ್ಕೆ ಮೇಜಿನ ಮೇಲೆ 500 ಲಕ್ಸ್ (ಬೀಳುವ ಬೆಳಕಿನ ಅಳತೆ) ಇಟ್ಟುಕೊಂಡರೆ ಆಯಿತು.

ಜನರ ಅಲುಗಾಟ ನೋಡಿ ಆರುವ ಸೆನ್ಸರನ್ನು ಮೀಟಿಂಗ್ ರೂಮು, ಸ್ಟೋರು, ಟಾಯ್ಲೆಟ್ಟಿಗೆ ಇಡಿ. ಅಲುಗಾಡದೆ ಕೂತು ಟೈಪ್ ಮಾಡುವವರ ತಲೆ ಮೇಲೆ ಬೇಡ. ಎರಡು ಸಲ ಕತ್ತಲಾದರೆ ಮೂರನೇ ಸಲಕ್ಕೆ ಯಾರೋ ಅದಕ್ಕೆ ಟೇಪ್ ಅಂಟಿಸುತ್ತಾರೆ, ಅಲ್ವಾ? ಮೀಟಿಂಗ್ ರೂಮಿನಲ್ಲಿ ಕೈಯಿಂದ ಹಾಕಿ, ತಾನಾಗಿ ಆರುವ ಸೆಟ್ಟಿಂಗ್ ಇಟ್ಟರೆ ಉಳಿತಾಯ ಜಾಸ್ತಿ.

ಬೆಳಕಿನ ಸೆನ್ಸರ್ ಫಿಟ್ ಮಾಡಿದವರೇ ಹೊರಪರದೆ ಬಂದ ಮೇಲೆ ಇನ್ನೊಮ್ಮೆ ಬಂದು, ಹಗಲು ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ಸೆಟ್ ಮಾಡಿಕೊಡಬೇಕು ಎಂದು ಆರ್ಡರಿನಲ್ಲೇ ಬರೆಸಿಬಿಡಿ.