ಮೈಸೂರಿಗೆ ಬರುವ ತಂಗಿಗೆ: ರೂಮು ಮಾರ್ಕೆಟ್ ಹತ್ತಿರ ಮಾಡಿ, ಮಂಗಳವಾರ ಝೂ ಬೇಡ

ತಂಗಿ, ನಿನ್ನೆಯೇ ಬರೆಯಬೇಕಿತ್ತು. ತಾರಸಿಯಲ್ಲಿ ಮೆಣಸಿನ ಸಸಿ ಕುಂಡಕ್ಕೆ ಹಾಕುವ ಕೆಲಸ ಹಿಡಿದು ತಡವಾಯಿತು. ಏಪ್ರಿಲ್‌ನಲ್ಲಿ ಹಾವೇರಿಯಿಂದ ರಾತ್ರಿ ರೈಲು ಹತ್ತಿ ಶನಿವಾರ ಬೆಳಗ್ಗೆ ಮೈಸೂರು, ಮಂಗಳವಾರ ರಾತ್ರಿ ವಾಪಸ್. ಜೊತೆಗೆ ಮಂಡಿನೋವಿನ ಅತ್ತೆ, ಇಬ್ಬರು ಮಕ್ಕಳು. ಉಳಿಯುವುದು ಎಲ್ಲಿ, ತಿನ್ನುವುದು ಏನು, ರೇಷ್ಮೆ ಸೀರೆ ಎಲ್ಲಿ, ಬರುವಾಗ ಯಾವ ಗಿಡ ತರಬಹುದು ಅಂತ ಕೇಳಿದ್ದೀರಿ. ನಿಮ್ಮ ಪಟ್ಟಿಯಲ್ಲಿ ಭಾನುವಾರ ಸಂಜೆ ಬೃಂದಾವನ, ಮಂಗಳವಾರ ಝೂ ಎಂದಿದೆ. ಎರಡನ್ನೂ ಬದಲಾಯಿಸಿ.

ಮೊದಲು ಝೂ ವಿಷಯ. ಮೈಸೂರು ಮೃಗಾಲಯಕ್ಕೂ ಪಕ್ಕದ ಕಾರಂಜಿ ಕೆರೆಗೂ ಮಂಗಳವಾರ ರಜೆ. ಬೇಸಿಗೆ ರಜೆಯಲ್ಲಿ, ದಸರಾದಲ್ಲಿ ಕೆಲವು ಮಂಗಳವಾರ ತೆರೆಯುವುದುಂಟು. ಅದನ್ನು ನಂಬಿಕೊಂಡು ಮಕ್ಕಳನ್ನು ಗೇಟಿನ ತನಕ ಕರೆತಂದು ಅಳಿಸಬೇಡಿ. ಸೋಮವಾರ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಆಗ ಪ್ರಾಣಿಗಳು ಚುರುಕಾಗಿರುತ್ತವೆ, ಹನ್ನೊಂದರ ಮೇಲೆ ನೆರಳು ಹಿಡಿದು ಮಲಗಿಬಿಡುತ್ತವೆ. ಅತ್ತೆಯವರಿಗೆ ಒಳಗೆ ಬ್ಯಾಟರಿ ಗಾಡಿ ಸಿಗುತ್ತದೆ, ಟಿಕೆಟ್ ಕೌಂಟರಿನಲ್ಲೇ ಕೇಳಿ. 1892ರಿಂದ ಇರುವ ಝೂ ಇದು. ಅಲ್ಲಿನ ಹಳೇ ಮರಗಳನ್ನೂ ಸ್ವಲ್ಪ ತಲೆ ಎತ್ತಿ ನೋಡಿ.

ಭಾನುವಾರ ಸಂಜೆ ಅರಮನೆಗೆ ಇರಲಿ. ಭಾನುವಾರ ಮತ್ತು ಸರ್ಕಾರಿ ರಜೆಗಳಂದು ಸಂಜೆ ಏಳರ ಹೊತ್ತಿಗೆ ಹೆಚ್ಚುಕಮ್ಮಿ ಒಂದು ಲಕ್ಷ ಬಲ್ಬು ಹೊತ್ತಿಸುತ್ತಾರೆ. ಆರೂವರೆಗೆಲ್ಲ ಒಳಗೆ ಹೋಗಿ, ಅತ್ತೆಯವರನ್ನು ಕೂರಿಸಲು ಒಂದು ಜಾಗ ಹಿಡಿಯಿರಿ. ಕತ್ತಲೆ ಇಳಿಯುತ್ತಾ ಕಟ್ಟಡ ಬರೀ ಬೂದು ಆಕಾರವಾಗಿ ನಿಂತಿರುತ್ತದೆ. ಆಮೇಲೆ ಒಮ್ಮೆಲೇ ಗೋಪುರ, ಕಮಾನು, ಬಾಗಿಲು ಎಲ್ಲವೂ ಹಳದಿ ಬೆಳಕಿನ ಗೆರೆಯಾಗುತ್ತವೆ. ನೆರೆದ ಜನ ಒಟ್ಟಿಗೆ "ಹೋ" ಎನ್ನುತ್ತಾರೆ. ಮೂವತ್ತು ವರ್ಷದಿಂದ ಇದೇ ಊರಿನಲ್ಲಿದ್ದೇನೆ, ನನಗೆ ಇವತ್ತಿಗೂ ಮೈ ಜುಮ್ ಅನ್ನುತ್ತದೆ. ಇದನ್ನು ಬಿಟ್ಟು ಅದೇ ಹೊತ್ತಿಗೆ ಬೃಂದಾವನದ ನೂಕುನುಗ್ಗಲಿಗೆ ಹೋಗುವುದು ಬೇಡ.

ಬೃಂದಾವನದ ಬಗ್ಗೆ ಇನ್ನೊಂದು ಮಾತು. ಗಿಡದ ಹುಚ್ಚಿನವರಾದ ನಮಗೆ ಅದು ನೋಡಬೇಕಾದ ತೋಟವೇ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದ ಕನಸು, ಬೆಂಗಳೂರಿನ ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಜರ್ಮನ್ ತೋಟಗಾರ ಕ್ರುಂಬಿಗಲ್ ಅವರ ಕೈಯೂ ಅದರಲ್ಲಿದೆ. ಆದರೆ ಗೇಟಿನಿಂದ ಸಂಗೀತ ಕಾರಂಜಿಯ ತನಕ ತುಂಬಾ ನಡೆಯಬೇಕು, ಮೆಟ್ಟಿಲು ಬೇರೆ. ಮಂಡಿನೋವಿದ್ದವರಿಗೆ ಶಿಕ್ಷೆ. ಅತ್ತೆ ಜೊತೆಗಿರುವಾಗ ಅದನ್ನು ಬಿಟ್ಟು ಭಾನುವಾರ ಬೆಳಗ್ಗೆ ಬೇಗ ರಂಗನತಿಟ್ಟಿಗೆ ಹೋಗಿ. ಏಪ್ರಿಲ್ ಅಂದರೆ ಹಕ್ಕಿಗಳು ಗೂಡು ಕಟ್ಟಿ ಮರಿ ಸಾಕುವ ಕಾಲ. ದೋಣಿಯಲ್ಲಿ ಕೂತರೆ ಸಾಕು, ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಚಮಚದ ಕೊಕ್ಕಿನವು ತಲೆ ಮೇಲೇ ಇರುತ್ತವೆ. ಬಂಡೆ ಮೇಲೆ ಬಾಯಿ ತೆರೆದು ಬಿದ್ದಿರುವ ಮೊಸಳೆ ನೋಡಿ ಮಕ್ಕಳು ಊರಿಗೆ ಹೋದ ಮೇಲೂ ಅದನ್ನೇ ಹೇಳುತ್ತಾರೆ. ವಾಪಸ್ ಬರುವಾಗ ಶ್ರೀರಂಗಪಟ್ಟಣದಲ್ಲಿ ರಂಗನಾಥನ ದರ್ಶನ ಮಾಡಿಕೊಳ್ಳಬಹುದು, ದಾರಿಯಲ್ಲೇ ಇದೆ.

ಈಗ ರೂಮು. ನಾಲ್ಕು ದಿನ ಸುಖವಾಗಿ ಕಳೆಯುವುದು ಇದರ ಮೇಲೇ ನಿಂತಿದೆ, ಅದಕ್ಕೆ ಉದ್ದ ಬರೆಯುತ್ತೇನೆ. ರಿಂಗ್ ರೋಡ್ ಆಚೆ ಹೊಸ ಹೋಟೆಲುಗಳು ಫೋಟೋದಲ್ಲಿ ಚೆನ್ನಾಗಿ ಕಾಣುತ್ತವೆ. ಹೋಗಬೇಡಿ. ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಅತ್ತೆಯವರು ಎರಡು ಗಂಟೆ ಮಲಗಲೇಬೇಕು, ಮಕ್ಕಳೂ ಅಷ್ಟೇ. ಪ್ರತಿ ಸಲ ಅಷ್ಟು ದೂರದಿಂದ ಆಟೋ ಹಿಡಿದರೆ ದುಡ್ಡೂ ಹೋಯಿತು, ಮನಸ್ಸೂ ಕೆಟ್ಟಿತು. ಗಾಂಧಿ ಚೌಕ, ಧನ್ವಂತರಿ ರಸ್ತೆ, ಸಬರ್ಬನ್ ಬಸ್ ಸ್ಟ್ಯಾಂಡ್ ಸುತ್ತಮುತ್ತ ಲಾಡ್ಜುಗಳಿಗೆ ಬರವಿಲ್ಲ. ಅಲ್ಲಿಂದ ದೇವರಾಜ ಮಾರ್ಕೆಟ್ಟೂ ಸಿಟಿ ಬಸ್ ಸ್ಟ್ಯಾಂಡೂ ಅರಮನೆಯೂ ಕಾಲ್ನಡಿಗೆಯ ದೂರ. ಸ್ವಲ್ಪ ಅಂಗಳ, ಮರದ ನೆರಳು ಬೇಕು ಅಂದರೆ ರೈಲು ನಿಲ್ದಾಣದ ಕಡೆ ಝಾನ್ಸಿ ಲಕ್ಷ್ಮೀಬಾಯಿ ರಸ್ತೆಯಲ್ಲಿ ಪ್ರವಾಸೋದ್ಯಮ ನಿಗಮದ ಮಯೂರ ಹೊಯ್ಸಳ ಇದೆ.

ಫೋನ್ ಮಾಡಿದಾಗ ನಾಲ್ಕು ವಿಷಯ ಕೇಳಿ. ಲಿಫ್ಟ್ ಇದೆಯಾ? ಬಿಸಿನೀರು ಇಡೀ ದಿನ ಬರುತ್ತದಾ, ಬೆಳಗ್ಗೆ ಮಾತ್ರವಾ? ರಸ್ತೆ ಕಡೆಯದಲ್ಲದ, ಹಿಂಭಾಗದ ರೂಮು ಸಿಗುತ್ತದಾ? ಎಲ್ಲಕ್ಕಿಂತ ಮುಖ್ಯ, ಚೆಕ್‌ಔಟ್ 24 ಗಂಟೆ ಲೆಕ್ಕವಾ ಅಥವಾ ಮಧ್ಯಾಹ್ನ 12ರ ಲೆಕ್ಕವಾ? ನೀವು ಬೆಳಗ್ಗೆ ಇಳಿಯುವವರು. 12ರ ಲೆಕ್ಕದವರಾದರೆ ಅಲ್ಲಿಯ ತನಕ ಲಗೇಜು ಇಟ್ಟುಕೊಂಡು ಹೊರಗೆ ಕೂರಿಸುತ್ತಾರೆ, ಇಲ್ಲವೇ ಅರ್ಧ ದಿನದ ಬಾಡಿಗೆ ಜಾಸ್ತಿ ಕೇಳುತ್ತಾರೆ. ರಜೆ ಕಾಲದ ಶನಿವಾರ-ಭಾನುವಾರ ಬೇಗ ತುಂಬುತ್ತದೆ, ಈ ವಾರವೇ ಮಾತಾಡಿಬಿಡಿ.

ರೂಮು ಅಲ್ಲಿ ಮಾಡಿದರೆ ಬೆಳಗಿನ ಮಾರ್ಕೆಟ್ ನಿಮ್ಮದಾಗುತ್ತದೆ. ಮೈಸೂರಿನಲ್ಲಿ ನಿಮಗೆ ಅರಮನೆಗಿಂತ ಜಾಸ್ತಿ ಇಷ್ಟವಾಗುವ ಜಾಗ ಅದೇ, ನೋಡುತ್ತಿರಿ. ಮಕ್ಕಳು ಏಳುವ ಮೊದಲು ಒಂದು ಬಟ್ಟೆ ಚೀಲ ಹಿಡಿದು ಹೊರಡಿ. ಹೂವಿನ ಸಾಲಿಗೆ ಕಾಲಿಟ್ಟರೆ ನೆಲವೆಲ್ಲ ಒದ್ದೆ. ಕನಕಾಂಬರ, ಸೇವಂತಿಗೆ, ಮಲ್ಲಿಗೆ ಗುಡ್ಡೆಗುಡ್ಡೆ. ಹೂವಿನಮ್ಮ ಮೊಣಕೈಯಿಂದ ಬೆರಳ ತುದಿಗೆ ಒಂದು ಮೊಳ ಅಳೆದು, ಕೊನೆಗೆ ಸುಮ್ನೆ ಎರಡು ಬೆರಳಷ್ಟು ಜಾಸ್ತಿ ಬಿಟ್ಟು ದಾರ ಕತ್ತರಿಸುತ್ತಾರೆ. ಏಪ್ರಿಲ್ ಮಲ್ಲಿಗೆಯ ಕಾಲ. ಚಳಿಗಾಲದಲ್ಲಿ ಸವರಿ ಬಿಟ್ಟ ಗಿಡಗಳು ಈಗ ಮೊಗ್ಗು ತುಂಬಿರುತ್ತವೆ, ಬೆಲೆಯೂ ಕೈಗೆಟುಕುತ್ತದೆ. ನಿಮ್ಮ ಕಡೆಯ ಹಡಗಲಿ ಮಲ್ಲಿಗೆಯ ವಾಸನೆ ನೆನಪಿಟ್ಟುಕೊಂಡು ಬಂದು ನಮ್ಮದನ್ನು ಮೂಸಿ ನೋಡಿ. ಎರಡಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಆದರೂ ಒಂದರಂತೆ ಒಂದಿಲ್ಲ.

ವೀಳ್ಯದೆಲೆಯನ್ನು ಮುಟ್ಟಿಯೇ ನೋಡಬೇಕು. ಮೈಸೂರು ಚಿಗುರೆಲೆ ಮೆತ್ತಗೆ, ನುಣ್ಣಗೆ, ಬಾಯಲ್ಲಿ ನಾರು ಸಿಗುವುದಿಲ್ಲ. ಒಂದು ಕಾಲಕ್ಕೆ ಹಳೇ ಅಗ್ರಹಾರದಿಂದ ವಿದ್ಯಾರಣ್ಯಪುರಂ ತನಕ ಎಲೆತೋಟಗಳಿದ್ದವು. ಈಗ ಮನೆಗಳೆದ್ದು ತೋಟ ಕಿರಿದಾಗಿದೆ. ಅತ್ತೆಯವರು ಎಲೆ ಅಡಿಕೆ ಹಾಕುವವರಾದರೆ ದಿನಾ ಬೆಳಗ್ಗೆ ತಾಜಾ ಕಟ್ಟು ತಂದುಕೊಡಿ, ಅವರ ಪ್ರವಾಸ ಅಲ್ಲಿಗೇ ಸಾರ್ಥಕ.

ನಂಜನಗೂಡು ರಸಬಾಳೆ ಕೇಳಿದ್ದೀರಿ. ಹುಡುಕಿ, ಆದರೆ ಎಚ್ಚರ. ಹೆಸರು ದೊಡ್ಡದು, ಬೆಳೆ ಸ್ವಲ್ಪ. ಬೇರೆ ಬಾಳೆಯನ್ನೇ ರಸಬಾಳೆ ಎಂದು ಕೊಡುವವರಿದ್ದಾರೆ. ಎರಡು ಹಣ್ಣು ಕೊಂಡು ಅಲ್ಲೇ ತಿಂದು ಆಮೇಲೆ ಚಿಪ್ಪು ಮಾತಾಡಿ. ದಯವಿಟ್ಟು ಅದರ ಕಂದು, ಅಂದರೆ ಬುಡದಲ್ಲಿ ಏಳುವ ಮರಿ, ಮಾತ್ರ ಊರಿಗೆ ಒಯ್ಯಬೇಡಿ. ರಸಬಾಳೆಯನ್ನು ಹಾಳು ಮಾಡಿದ್ದೇ ಪನಾಮ ಸೊರಗು ರೋಗ. ಅದು ಕಂದಿನಲ್ಲೂ, ಅದಕ್ಕೆ ಅಂಟಿದ ಮಣ್ಣಿನಲ್ಲೂ ಬರುತ್ತದೆ. ಒಂದು ಸಲ ತೋಟಕ್ಕೆ ಇಳಿದರೆ ವರ್ಷಗಟ್ಟಲೆ ಮಣ್ಣಿನಲ್ಲೇ ಉಳಿಯುತ್ತದೆ. ಬೆಳೆಯಲೇಬೇಕೆಂದರೆ ನಂಬಿಕೆಯ ಕಡೆಯಿಂದ ಟಿಶ್ಯೂ ಕಲ್ಚರ್ ಸಸಿ, ಅಂದರೆ ಪ್ರಯೋಗಾಲಯದಲ್ಲಿ ಬೆಳೆಸಿದ್ದು, ತರಿಸಿಕೊಳ್ಳಿ.

ತಿನ್ನುವ ವಿಷಯಕ್ಕೆ ಬರುತ್ತೇನೆ. ನಜರಬಾದಿನ ಮೈಲಾರಿ ದೋಸೆ ತಿನ್ನದೆ ಹೋಗಬೇಡಿ, ಆದರೆ ದಾವಣಗೆರೆ ಬೆಣ್ಣೆದೋಸೆ ನೆನೆಸಿಕೊಂಡು ಹೋಗಬೇಡಿ. ಇದು ಗರಿಗರಿ ಅಲ್ಲ. ಕೈಯಲ್ಲಿ ಹಿಡಿದರೆ ಮಡಚಿಕೊಳ್ಳುವಷ್ಟು ಮೆತ್ತಗೆ, ಒಳಗೆ ಸಾಗು, ಮೇಲೆ ಕರಗುತ್ತಿರುವ ಬೆಣ್ಣೆ, ಪಕ್ಕದಲ್ಲಿ ಕಾಯಿ ಚಟ್ನಿ. ಹಲ್ಲಿಲ್ಲದವರೂ ತಿನ್ನಬಹುದು. ಭಾನುವಾರ ಸಾಲು ಜಾಸ್ತಿ, ಝೂಗೆ ಹೋಗುವ ಸೋಮವಾರ ಬೆಳಗ್ಗೆಯೇ ಮುಗಿಸಿಕೊಳ್ಳಿ, ಅದೇ ದಾರಿ. ಮಧ್ಯಾಹ್ನದ ಬಾಳೆಲೆ ಊಟಕ್ಕೆ ಗಾಂಧಿ ಚೌಕದ ಆರ್‌ಆರ್‌ಆರ್ ಹೋಟೆಲು, ಆಂಧ್ರದ ಖಾರ. ನಿಮಗೆ ಬ್ಯಾಡಗಿಯವರಿಗೆ ಅದೇನು ಲೆಕ್ಕ! ನಿಮ್ಮ ಮನೆಯವರು ಮಾಂಸದೂಟ ಮಾಡುವವರಾದರೆ ಮಂಡಿ ಮೊಹಲ್ಲಾದ ಹನುಮಂತು ಪಲಾವ್ ಬಗ್ಗೆ ಹೇಳಿ, ಆದರೆ ಹೊತ್ತಿಗೆ ಸರಿಯಾಗಿ ಹೋಗಬೇಕು. ಅತ್ತೆಯವರಿಗೆ ರೊಟ್ಟಿ ಇಲ್ಲದೆ ಊಟ ಸೇರುವುದಿಲ್ಲ ಎಂದಿದ್ದೀರಿ. ಒಂದಿಪ್ಪತ್ತು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೇ ಬನ್ನಿ. ಮೊಸರು ಇಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ.

ಮೈಸೂರು ಪಾಕಿಗೆ ಸಯ್ಯಾಜಿರಾವ್ ರಸ್ತೆಯ ಗುರು ಸ್ವೀಟ್ಸ್. ಅರಮನೆ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರ ವಂಶದವರ ಅಂಗಡಿ, ಮಾರ್ಕೆಟ್ಟಿಗೆ ಅಂಟಿಕೊಂಡೇ ಇದೆ. ಅಲ್ಲಿಯದು ತುಪ್ಪದಲ್ಲಿ ಮಿಂದದ್ದು, ಬಿಸಿಲಿಗೆ ಮೆತ್ತಗಾಗುತ್ತದೆ. ಮಂಗಳವಾರ ಹೊರಡುವ ಮುಂಚೆ ಕೊಳ್ಳಿ, ರೈಲಿನಲ್ಲಿ ಬಟ್ಟೆಯ ಚೀಲದಲ್ಲಿಡದೆ ಕೈಚೀಲದಲ್ಲಿ ನೇರವಾಗಿ ಇಟ್ಟುಕೊಳ್ಳಿ.

ಸೀರೆ. ಮಾನಂದವಾಡಿ ರಸ್ತೆಯಲ್ಲಿ 1912ರಲ್ಲಿ ಶುರುವಾದ ರೇಷ್ಮೆ ಕಾರ್ಖಾನೆ ಇದೆ, ಈಗ ರಾಜ್ಯ ಸರ್ಕಾರದ ರೇಷ್ಮೆ ನಿಗಮವಾದ ಕೆಎಸ್‌ಐಸಿಯದು. ಅಲ್ಲೇ ಮಳಿಗೆಯೂ ಇದೆ. ಭಾನುವಾರ ಕಾರ್ಖಾನೆಗೆ ರಜೆ, ಸೋಮವಾರ ಮಧ್ಯಾಹ್ನ ನಿದ್ದೆ ಮುಗಿಸಿ ಹೋಗಿ. ನಿಜವಾದ ಮೈಸೂರು ರೇಷ್ಮೆಯಲ್ಲಿ ಚಿನ್ನದ ಜರಿ ಇರುತ್ತದೆ, ಪ್ರತಿ ಸೀರೆಗೂ ಅದರದೇ ಗುರುತಿನ ಸಂಖ್ಯೆ ಇರುತ್ತದೆ. ಬಿಲ್ಲು ಹಾಕುವ ಮುಂಚೆ ಅದನ್ನು ತೋರಿಸಿ ಎಂದು ಕೇಳಿ. ಬೆಲೆ ಕೇಳಿ ಗಾಬರಿಯಾಗಬೇಡಿ. ನಮ್ಮಮ್ಮನ ಹಸಿರು ಸೀರೆಯನ್ನು ನಾನು ಈಗಲೂ ಮದುವೆಗೆ ಉಡುತ್ತೇನೆ, ಅಂಚು ಮಾಸಿಲ್ಲ. ಶ್ರೀಗಂಧದ ಎಣ್ಣೆ ಕಾರ್ಖಾನೆಯೂ ಅದೇ ರಸ್ತೆಯಲ್ಲಿದೆ. ಗಂಧದ ಸೋಪು, ಊದುಬತ್ತಿ, ಮರದ ಕೆತ್ತನೆಯ ಸಾಮಾನಿಗೆ ಸಯ್ಯಾಜಿರಾವ್ ರಸ್ತೆಯ ಕಾವೇರಿ ಎಂಪೋರಿಯಂ.

ಒಂದು ಎಚ್ಚರಿಕೆ ಹೇಳಲೇಬೇಕು. ನಾನು ಮದುವೆಯಾಗಿ ಈ ಊರಿಗೆ ಬಂದ ಹೊಸತರಲ್ಲಿ ಒಬ್ಬ ಆಟೋದವರು "ಮಾರ್ಕೆಟ್ ಇವತ್ತು ರಜಾ, ಒಳ್ಳೆ ಗಂಧದ ಅಂಗಡಿ ತೋರಿಸುತ್ತೇನೆ" ಎಂದು ಕರೆದೊಯ್ದರು. ತವರಿಗೆ ಕೊಡಲು ಗಂಧದ ಕೊರಡೆಂದು ಒಂದನ್ನು ದುಬಾರಿಗೆ ಕೊಂಡೆ. ಅಮ್ಮ ಸಾಣೆಕಲ್ಲಿಗೆ ತೇಯ್ದಾಗ ಮೇಲಿನ ಪದರ ಹೋದ ಮೇಲೆ ವಾಸನೆಯೂ ಹೋಯಿತು. ಎಣ್ಣೆ ಸವರಿದ ಯಾವುದೋ ಮರ. ಮಾರ್ಕೆಟ್ ರಜಾ ಎಂದು ಯಾರಾದರೂ ಹೇಳಿದರೆ ನೀವೇ ನಡೆದು ಹೋಗಿ ನೋಡಿ. ಆಟೋ ಹತ್ತುವ ಮುಂಚೆ ಮೀಟರ್ ಹಾಕುತ್ತಾರಾ ಕೇಳಿ.

ಚಾಮುಂಡಿ ಬೆಟ್ಟಕ್ಕೆ ಶನಿವಾರ ಸಂಜೆ ನಾಲ್ಕರ ಮೇಲೆ ಹೋಗಿ. ಮಂಗಳವಾರ, ಶುಕ್ರವಾರ ಅಮ್ಮನವರ ದಿನ, ಸಾಲು ಕರಗುವುದೇ ಇಲ್ಲ. ಸಿಟಿ ಬಸ್ ಸ್ಟ್ಯಾಂಡಿನಿಂದ 201 ನಂಬರಿನ ಬಸ್ಸು ಮೇಲಕ್ಕೇ ಬಿಡುತ್ತದೆ, ಸಾವಿರ ಮೆಟ್ಟಿಲು ಹತ್ತುವ ಗೋಜಿಲ್ಲ. ಕತ್ತಲಾಗುವ ಹೊತ್ತಿಗೆ ಕೆಳಗೆ ಊರೆಲ್ಲ ದೀಪ ಹಚ್ಚಿಕೊಳ್ಳುವುದನ್ನು ನೋಡಿ ಇಳಿಯಿರಿ.

ಅರಮನೆಯ ಒಳಭಾಗ ಮಂಗಳವಾರ ಬೆಳಗ್ಗೆ ಹತ್ತಕ್ಕೆ ಸರಿಯಾಗಿ. ಹಳೇ ಮರದ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಕಟ್ಟಿದ್ದು, 1912ಕ್ಕೆ ಮುಗಿಯಿತು. ಚಪ್ಪಲಿ ಹೊರಗೆ ಬಿಡಬೇಕು. ತಡವಾದರೆ ಅಂಗಳದ ಕಲ್ಲು ಕಾದು ಬರಿಗಾಲು ಸುಡುತ್ತದೆ, ಎಲ್ಲರಿಗೂ ಒಂದೊಂದು ಜೊತೆ ಕಾಲುಚೀಲ ಇಟ್ಟುಕೊಳ್ಳಿ. ಶನಿವಾರ ಮಧ್ಯಾಹ್ನ ಮಕ್ಕಳಿಗೆ ಬೇಜಾರಾದರೆ ರೈಲು ನಿಲ್ದಾಣದ ಹತ್ತಿರ ರೈಲ್ವೆ ಮ್ಯೂಸಿಯಂ ಇದೆ, ಮಹಾರಾಣಿಯವರ ಬೋಗಿಯನ್ನು ಅಲ್ಲಿ ಇಟ್ಟಿದ್ದಾರೆ.

ಇನ್ನು ಗಿಡ. ಮಲ್ಲಿಗೆ ಗಿಡವನ್ನು ಕೊನೆಯ ದಿನವೇ ಕೊಳ್ಳಿ, ಚಿಕ್ಕ ಚೀಲದ್ದು, ಮೊಗ್ಗಿಲ್ಲದ್ದು. ಹೂಬಿಟ್ಟದ್ದು ಕಣ್ಣಿಗೆ ಚೆಂದ, ಆದರೆ ರೈಲಿನ ಸೆಕೆಗೆ ಸೊರಗುತ್ತದೆ. ಹೊರಡುವ ಮುಂಚೆ ನೀರು ಸುರಿಯಬೇಡಿ, ಬೆಳಗ್ಗೆಯೇ ಹಾಕಿ ಬಸಿಯಲು ಬಿಡಿ. ಬುಡಕ್ಕೆ ಒದ್ದೆ ಗೋಣಿ, ಮೇಲೆ ಪೇಪರ್ ಸುತ್ತಿ ಸೀಟಿನ ಕೆಳಗೆ ನೆಟ್ಟಗೆ ನಿಲ್ಲಿಸಿ. ಊರಿಗೆ ಹೋದ ಮೇಲೆ ಒಂದು ವಾರ ನೆರಳಲ್ಲಿಟ್ಟು ಆಮೇಲೆ ನೆಲಕ್ಕೆ.

ಈರನಗೆರೆ ಬದನೆ ಬೀಜಕ್ಕೆ ಮಾತ್ರ ಅಂಗಡಿ ಸುತ್ತಬೇಡಿ. ವಾಂಗಿಭಾತಿಗೆ ನಮ್ಮ ಮನೆಯಲ್ಲಿ ಅದೇ ಬೇಕು, ಅದಕ್ಕೇ ಒಂದು ಗಿಡವನ್ನು ಬೀಜಕ್ಕೆಂದು ಬಿಟ್ಟಿದ್ದೇನೆ. ಕಾಯಿ ಈಗ ಹಣ್ಣಾಗಿ ಹಳದಿ ತಿರುಗಿದೆ. ತೊಳೆದು ನೆರಳಲ್ಲಿ ಒಣಗಿಸಿ ಇಡುತ್ತೇನೆ. ಯಾವ ಶನಿವಾರ ಬರುತ್ತೀರಿ ಅಂತ ಇನ್‌ಬಾಕ್ಸಿಗೆ ಹಾಕಿ, ಬೆಳಗ್ಗೆ ಮಾರ್ಕೆಟ್ಟಿನ ಚಿಕ್ಕ ಗಡಿಯಾರ ಗೋಪುರದ ಹತ್ತಿರ ಸಿಗೋಣ. ಕಾಫಿ ನನ್ನದು.